ಕೋರಿಕೆ ನಿಲುಗಡೆ ರೈಲಿಗೂ ಬರಲಿ

ಹುಬ್ಬಳ್ಳಿ, ಮೈಸೂರು, ಬೆಂಗಳೂರು ವಿಭಾಗಗಳ ರೈಲ್ವೆ ಬಳಕೆದಾರರ ಸಲಹಾ ಸಮಿತಿ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯ ಸದಸ್ಯರೇ,

ನಿಮ್ಮ ಸಭೆಯ ವರದಿ ಪತ್ರಿಕೆಯಲ್ಲಿ ಬಂದಾಗ ನನ್ನಂಥ ಸಣ್ಣ ಊರಿನವರು ಮೊದಲು ಹುಡುಕುವುದು ನಿಲುಗಡೆಯ ಸಾಲನ್ನು. ಇಂಥ ಸ್ಟೇಷನ್ನಿನಲ್ಲಿ ಇಂಥ ಎಕ್ಸ್‌ಪ್ರೆಸ್ ನಿಲ್ಲಿಸಿ ಎಂದು ಸದಸ್ಯರು ಒತ್ತಾಯಿಸಿದರು ಎಂದಿರುತ್ತದೆ. ಅದರ ಬೆನ್ನಿಗೇ, ಪರಿಶೀಲಿಸಿ ಮೇಲಕ್ಕೆ ಕಳಿಸುತ್ತೇವೆಂದು ಅಧಿಕಾರಿಗಳು ತಿಳಿಸಿದರು ಎಂದೂ ಇರುತ್ತದೆ. ಎಕ್ಸ್‌ಪ್ರೆಸ್ ರೈಲಿನ ನಿಲುಗಡೆ ತೀರ್ಮಾನವಾಗುವುದು ದೆಹಲಿಯ ರೈಲ್ವೆ ಮಂಡಳಿಯಲ್ಲಿ ಎಂಬುದು ನಿಮಗೂ ಗೊತ್ತು, ಅವರಿಗೂ ಗೊತ್ತು. ಮುಂದಿನ ಸಭೆಯಲ್ಲಿ ಅದೇ ಬೇಡಿಕೆ, ಅದೇ ಉತ್ತರ. ಸಂಸದರೊಬ್ಬರು ಪಟ್ಟು ಹಿಡಿದರೆ ಆರು ತಿಂಗಳ ಪ್ರಾಯೋಗಿಕ ನಿಲುಗಡೆ ಸಿಗುತ್ತದೆ. ಮೊದಲ ದಿನ ಇಂಜಿನ್ನಿಗೆ ಬಾಳೆಕಂದು, ಚೆಂಡುಹೂವಿನ ಹಾರ, ವೇದಿಕೆಯ ಮೇಲೆ ಹಸಿರು ಬಾವುಟ. ಆರು ತಿಂಗಳಾದ ಮೇಲೆ ಟಿಕೆಟ್ಟಿನ ಲೆಕ್ಕ.

ನಿಮ್ಮ ಬೇಡಿಕೆ ತಪ್ಪೆಂದು ಈ ಪತ್ರ ಬರೆಯುತ್ತಿಲ್ಲ. ಕೇಳುವ ಬಗೆಯನ್ನು ಒಮ್ಮೆ ಬದಲಿಸಿ ನೋಡಿ ಎಂದು ಬರೆಯುತ್ತಿದ್ದೇನೆ. ಇಷ್ಟು ವರ್ಷ ನಾವು ಕೇಳಿದ್ದು ಎರಡೇ ಬಗೆಯ ಉತ್ತರ ಇರುವ ಪ್ರಶ್ನೆ: ರೈಲು ದಿನಾ ನಿಲ್ಲಬೇಕೋ, ಎಂದೂ ನಿಲ್ಲಬಾರದೋ? ಇವೆರಡರ ನಡುವೆ ಇನ್ನೊಂದಿದೆ. ನಮ್ಮ ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ಅದು ಎಂದಿನಿಂದಲೋ ಇದೆ, ಕೋರಿಕೆ ನಿಲುಗಡೆ ಅನ್ನುತ್ತಾರೆ. ಹತ್ತುವವರು, ಇಳಿಯುವವರು ಇದ್ದರೆ ಬಸ್ಸು ನಿಲ್ಲುತ್ತದೆ, ಯಾರೂ ಇಲ್ಲದಿದ್ದರೆ ಮುಂದೆ ಹೋಗುತ್ತದೆ. ಕ್ರಾಸಿನಲ್ಲಿ ಕೈ ಅಡ್ಡ ಹಿಡಿಯುವ ಅಜ್ಜಿಗೂ ಗೊತ್ತಿರುವ ಈ ವ್ಯವಸ್ಥೆಯನ್ನು ರೈಲಿಗೆ ಕೊಡಿ ಎಂದು ನಿಮ್ಮ ಸಭೆಗಳಲ್ಲಿ ಯಾರಾದರೂ ಕೇಳಿದ್ದನ್ನು ನಾನು ಓದಿಲ್ಲ.

ಅಧಿಕಾರಿಗಳು ಬೇಡವೆನ್ನುವುದಕ್ಕೆ ಕಾರಣ ಇಲ್ಲದಿಲ್ಲ. ಇಪ್ಪತ್ತು ಇಪ್ಪತ್ತೆರಡು ಬೋಗಿಯ ಗಾಡಿ ನೂರು ಕಿಲೋಮೀಟರ್ ವೇಗದಲ್ಲಿ ಬರುತ್ತಿರುವಾಗ ಅದನ್ನು ಹಿಡಿದು ನಿಲ್ಲಿಸಲು ಸುಮಾರು ಒಂದು ಕಿಲೋಮೀಟರ್ ಬೇಕು. ಮತ್ತೆ ಆ ವೇಗಕ್ಕೆ ಏರಲು ಅದಕ್ಕಿಂತ ಹೆಚ್ಚು ದೂರ. ಹೀಗಾಗಿ ವೇಳಾಪಟ್ಟಿಯಲ್ಲಿ ಒಂದು ನಿಮಿಷ ಎಂದು ಬರೆದ ನಿಲುಗಡೆ ರೈಲಿನ ಸಮಯದಲ್ಲಿ ನಾಲ್ಕೈದು ನಿಮಿಷ ತಿನ್ನುತ್ತದೆ. ಅಷ್ಟೆಲ್ಲ ಮಾಡಿ ನಿಂತಾಗ ಪ್ಲಾಟ್‌ಫಾರ್ಮಿನಲ್ಲಿ ಒಂದು ನಾಯಿ ಮಾತ್ರ ಕಂಡರೆ ಲೋಕೋಪೈಲಟ್‌ಗೆ ಸಿಟ್ಟು ಬರುವುದು ಸಹಜ. ದಿನಾ ನಿಲ್ಲಿಸಿ ಎಂದಾಗ ನಾವು ಆ ನಾಯಿಗೂ ಸೇರಿಸಿ ನಿಲುಗಡೆ ಕೇಳುತ್ತಿದ್ದೇವೆ. ಯಾರಾದರೂ ಇರುವ ದಿನ ನಿಲ್ಲಿಸಿ ಎಂದರೆ ಅವರ ವಾದದ ಅರ್ಧ ಬಲ ಅಲ್ಲೇ ಹೋಗುತ್ತದೆ.

ಹಾಗೆ ನೋಡಿದರೆ ಕೋರಿಕೆ ನಿಲುಗಡೆ ನಮ್ಮಲ್ಲಿ ಕಳ್ಳದಾರಿಯಲ್ಲಿ ಈಗಲೂ ಇದೆ. ಒಂಟಿ ಹಳಿಯ ಮಾರ್ಗದಲ್ಲಿ ಸಂಜೆಯ ಎಕ್ಸ್‌ಪ್ರೆಸ್ ಸಣ್ಣ ಸ್ಟೇಷನ್ನಿನ ಲೂಪಿಗೆ, ಅಂದರೆ ಪಕ್ಕದ ಹಳಿಗೆ, ಹೋಗಿ ಕ್ರಾಸಿಂಗಿಗೆ ನಿಲ್ಲುವುದನ್ನು ನೀವು ನೋಡಿದ್ದೀರಿ. ಎದುರಿನ ಗಾಡಿ ಬರುವ ತನಕ ಹತ್ತು ನಿಮಿಷ, ಒಮ್ಮೊಮ್ಮೆ ಇಪ್ಪತ್ತು. ಆ ಊರಿನವರು ಒಳಗಿರುತ್ತಾರೆ. ವೇಳಾಪಟ್ಟಿಯ ಪ್ರಕಾರ ಈ ರೈಲಿಗೆ ಅಲ್ಲಿ ನಿಲುಗಡೆಯೇ ಇಲ್ಲ. ಆದರೂ ಜನರಲ್ ಬೋಗಿಯ ಬಾಗಿಲಲ್ಲಿ ಮೊದಲು ಒಂದು ಚೀಲ ಕೆಳಗೆ ಬೀಳುತ್ತದೆ. ಆಮೇಲೆ ಚಪ್ಪಲಿ. ಆಮೇಲೆ ಒಬ್ಬ ಹೆಂಗಸು ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈಯಲ್ಲಿ ಸರಳು ಹಿಡಿದು, ಕೊನೆಯ ಮೆಟ್ಟಿಲಿನಿಂದ ಜಲ್ಲಿಗೆ ಕಾಲು ಹುಡುಕುತ್ತ ಇಳಿಯುತ್ತಾಳೆ. ಹಳಿ ದಾಟಿ, ಪ್ಲಾಟ್‌ಫಾರ್ಮ್ ಹತ್ತಿ, ತಿರುಗಿ ನೋಡದೆ ನಡೆಯುತ್ತಾಳೆ. ಬೇರೆ ಹಳಿಯ ಮೇಲೆ ಆ ಹೊತ್ತಿಗೆ ಏನು ಬರುತ್ತಿದೆ ಎಂಬುದು ಆಕೆಗೆ ಗೊತ್ತಿಲ್ಲ. ಸ್ಟೇಷನ್ ಮಾಸ್ತರರು ನೋಡಿಯೂ ನೋಡದಂತಿರುತ್ತಾರೆ. ಅವರು ಒಳ್ಳೆಯವರು.

ಈ ಅವಕಾಶವೂ ಕರಗುತ್ತಿದೆ. ಅರಸೀಕೆರೆ–ಹುಬ್ಬಳ್ಳಿ ಮಾರ್ಗದಲ್ಲಿ ಜೋಡಿ ಹಳಿ ಬಂದ ಮೇಲೆ ಕ್ರಾಸಿಂಗಿಗೆ ಕಾಯುವ ಕೆಲಸ ಇಲ್ಲ. ಒಳ್ಳೆಯದೇ. ಆದರೆ ಕ್ರಾಸಿಂಗನ್ನೇ ನೆಚ್ಚಿಕೊಂಡು ಮನೆ ಸೇರುತ್ತಿದ್ದವರು ಈಗ ದೊಡ್ಡ ಸ್ಟೇಷನ್ನಿನಲ್ಲಿ ಇಳಿದು ಆಟೋ ಹುಡುಕಬೇಕು. ಮತ್ತೆ ಉಳಿದಿರುವುದು ಚೈನು. ರೈಲ್ವೆ ಕಾಯ್ದೆಯ 141ನೇ ಕಲಂ ಪ್ರಕಾರ ಕಾರಣವಿಲ್ಲದೆ ಚೈನು ಎಳೆದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ‘ನಮ್ಮೂರು ಬಂತು’ ಎಂಬುದು ಆ ಕಾಯ್ದೆಗೆ ಕಾರಣವಲ್ಲ.

ಈಗ ಬೇರೆ ಕಡೆ ಇದನ್ನು ಹೇಗೆ ನಡೆಸುತ್ತಾರೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಭೆಯಲ್ಲಿ ‘ಇದೆಲ್ಲ ರೈಲಿಗೆ ಆಗುವ ಮಾತಲ್ಲ’ ಎಂಬ ಮಾತು ಬಂದೇ ಬರುತ್ತದೆ.

ಸ್ಕಾಟ್ಲೆಂಡಿನ ಉತ್ತರದ ತುದಿಗೆ ಹೋಗುವ ಒಂದು ಮಾರ್ಗವಿದೆ. ಇನ್ವರ್ನೆಸ್ ನಗರದಿಂದ ಥರ್ಸೊ ಮತ್ತು ವಿಕ್ ಎಂಬ ಸಣ್ಣ ಪಟ್ಟಣಗಳಿಗೆ. ಸುಮಾರು 260 ಕಿಲೋಮೀಟರ್, ಬಹುಪಾಲು ಒಂಟಿ ಹಳಿ, ನಾಲ್ಕು ಗಂಟೆಗೂ ಮಿಕ್ಕಿ ಪ್ರಯಾಣ, ವಾರದ ದಿನಗಳಲ್ಲಿ ಆ ಕಡೆಗೆ ನಾಲ್ಕು, ಈ ಕಡೆಗೆ ನಾಲ್ಕು ಗಾಡಿ. ನಡುವೆ ಜೌಗುಭೂಮಿ, ಕುರಿ, ಗಾಳಿ. ಅಲ್ಟ್ನಬ್ರೆಕ್ ಎಂಬ ಸ್ಟೇಷನ್ನಿಗೆ ಡಾಂಬರು ರಸ್ತೆ ಕೂಡ ಇಲ್ಲ. ಇಂಥ ಸ್ಟೇಷನ್ನುಗಳಲ್ಲಿ ಹಲವು ಕೋರಿಕೆ ನಿಲುಗಡೆಗಳು. ಇಳಿಯಬೇಕಾದವರು ಗಾಡಿ ಹತ್ತಿದ ಮೇಲೆ ಗಾರ್ಡಿಗೆ ಹೇಳಬೇಕು. ಹತ್ತಬೇಕಾದವರು ಚಾಲಕನಿಗೆ ಕಾಣುವ ಹಾಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಕೈ ಎತ್ತಬೇಕು. ದಶಕಗಳ ಕಾಲ ಇಷ್ಟೇ ನಿಯಮ.

ಈ ನಿಯಮದಲ್ಲಿ ಒಂದು ತೊಡಕಿತ್ತು, ಅದು ನಮಗೆ ಬಹಳ ಮುಖ್ಯ. ಯಾರಾದರೂ ನಿಂತಿದ್ದಾರೋ ಇಲ್ಲವೋ ಎಂದು ನೋಡಲು ಚಾಲಕ ಪ್ರತಿ ಸ್ಟೇಷನ್ನಿಗೂ ವೇಗ ಇಳಿಸಲೇಬೇಕು. ಯಾರೂ ಇರದಿದ್ದರೂ ಸಮಯ ಹೋಯಿತು, ಇಂಧನ ಹೋಯಿತು. ಮಂಜಿನ ದಿನ, ಚಳಿಗಾಲದ ಕತ್ತಲಲ್ಲಿ, ಕೈ ಎತ್ತಿದವರು ಕಾಣಿಸುತ್ತಾರೆಂಬ ಭರವಸೆಯೂ ಇಲ್ಲ. 2022ರಲ್ಲಿ ಸ್ಕಾಟ್ಸ್‌ಕಾಲ್ಡರ್ ಎಂಬ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಒಂದು ಪೆಟ್ಟಿಗೆ ನಿಲ್ಲಿಸಿದರು. ಪ್ರಯಾಣಿಕ ಗುಂಡಿ ಒತ್ತಿದರೆ ರೇಡಿಯೋ ಮೂಲಕ ಚಾಲಕನಿಗೆ ಮೊದಲೇ ಸುದ್ದಿ ಮುಟ್ಟುತ್ತದೆ. ಆಮೇಲೆ ಅದೇ ಮಾರ್ಗದ ಬೇರೆ ಸ್ಟೇಷನ್ನುಗಳಿಗೂ ಅದು ಹೋಯಿತು. ಸುದ್ದಿ ಬಂದರೆ ಚಾಲಕ ನಿಲ್ಲಿಸುತ್ತಾನೆ, ಬರದಿದ್ದರೆ ವೇಗ ಕಳೆದುಕೊಳ್ಳದೆ ಹೋಗುತ್ತಾನೆ.

ರೇಡಿಯೋ ಅಲ್ಲಿ ಹೊಸದಾಗಿ ತಂದದ್ದೇನಲ್ಲ. ಆ ಮಾರ್ಗದಲ್ಲಿ ಒಂಟಿ ಹಳಿಗೆ ಪ್ರವೇಶ ಕೊಡುವ ಟೋಕನ್ನೇ ರೇಡಿಯೋದಲ್ಲಿ ಬರುತ್ತದೆ. ನಮ್ಮಲ್ಲಿ ಬಳೆಯಂಥ ಬೆತ್ತಕ್ಕೆ ಚರ್ಮದ ಚೀಲ ಕಟ್ಟಿ, ಅದರೊಳಗೆ ಟೋಕನ್ ಗುಂಡು ಇಟ್ಟು, ಓಡುವ ಇಂಜಿನ್ನಿಗೆ ಕೊಡುತ್ತಿದ್ದರಲ್ಲ, ಅದೇ ಕೆಲಸವನ್ನು ಅಲ್ಲಿ ಇನ್ವರ್ನೆಸ್‌ನಲ್ಲಿ ಕೂತವರು ರೇಡಿಯೋದಲ್ಲಿ ಮಾಡುತ್ತಾರೆ. ಇದ್ದ ರೇಡಿಯೋದ ಬೆನ್ನ ಮೇಲೆ ಪ್ರಯಾಣಿಕನ ಗುಂಡಿಯನ್ನು ಕೂರಿಸಿದರು, ಅಷ್ಟೆ. ನಾನು ನಿಮ್ಮ ಗಮನಕ್ಕೆ ತರಬೇಕೆಂದಿರುವುದು ಆ ಪೆಟ್ಟಿಗೆಯನ್ನಲ್ಲ, ಈ ಉಪಾಯವನ್ನು.

ಇದೇ ಮಾರ್ಗದಲ್ಲಿ ಕಲ್ರೇನ್ ಮತ್ತು ಇನ್ವರ್ಶಿನ್ ಎಂಬ ಎರಡು ಸ್ಟೇಷನ್ನುಗಳಿವೆ. ನಡುವಿನ ದೂರ ಒಂದು ಕಿಲೋಮೀಟರ್ ಕೂಡ ಇಲ್ಲ. ಲೆಕ್ಕ ಹಾಕುವವರಿಗೆ ಇಷ್ಟು ಹತ್ತಿರ ಎರಡು ಸ್ಟೇಷನ್ ಶುದ್ಧ ದಂಡ. ಆದರೆ ನಡುವೆ ನದಿ, ಅದರ ಮೇಲೆ ರೈಲಿನ ಸೇತುವೆ. ಪಾದಚಾರಿಗಳ ದಾರಿಯನ್ನು ಆ ಸೇತುವೆಗೆ ಸೇರಿಸುವ ಮುಂಚೆ ಈ ದಡದವರು ಆ ದಡಕ್ಕೆ ನೇರವಾಗಿ ಹೋಗಲು ರೈಲನ್ನೇ ಹತ್ತಬೇಕಿತ್ತು. ಎರಡೂ ಕೋರಿಕೆ ನಿಲುಗಡೆಗಳಾಗಿ ಇಂದಿಗೂ ಇವೆ. ನಮ್ಮ ಮಂಗಳೂರು–ಸುಬ್ರಹ್ಮಣ್ಯ ರೋಡ್ ಮಾರ್ಗದ ನರಿಮೊಗರು, ಎಡಮಂಗಲ, ಕೋಡಿಂಬಾಳದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಕ್ಷೆಯಲ್ಲಿ ಹತ್ತಿರ ಕಾಣುವ ಊರಿಗೆ ಮಳೆಗಾಲದಲ್ಲಿ ಎಷ್ಟು ಸುತ್ತಬೇಕೆಂದು ಅವರಿಗೆ ಗೊತ್ತು. (ಆ ಮಾರ್ಗ ನಿಮ್ಮ ಮೈಸೂರು ವಿಭಾಗದ್ದು, ಮಂಗಳೂರಿನ ಸ್ಟೇಷನ್ನುಗಳು ಪಾಲಕ್ಕಾಡ್ ವಿಭಾಗದ್ದು. ಆ ಗಡಿಯ ರಗಳೆ ಇನ್ನೊಂದು ಪತ್ರಕ್ಕಾಗುವಷ್ಟಿದೆ.)

ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳಲ್ಲಿ ಬೋಗಿಯೊಳಗೂ ಗುಂಡಿ, ಪ್ಲಾಟ್‌ಫಾರ್ಮಿನಲ್ಲೂ ಗುಂಡಿ. ಅಲಾಸ್ಕದಲ್ಲಿ ಹರಿಕೇನ್ ಟರ್ನ್ ಎಂಬ ಗಾಡಿ ಇನ್ನೂ ಒಂದು ಹೆಜ್ಜೆ ಮುಂದೆ: ಸ್ಟೇಷನ್ನೇ ಬೇಕಿಲ್ಲ, ಹಳಿಯ ಪಕ್ಕ ನಿಂತು ಬಿಳಿ ಬಟ್ಟೆ ಬೀಸಿದರೆ ಸಾಕು. ಅದು ಕಾಡಿನವರ ಗಾಡಿ, ನಮಗೆ ಮಾದರಿಯಾಗದು.

ಅಷ್ಟು ದೂರ ಯಾಕೆ, ಶಿವಮೊಗ್ಗ–ತಾಳಗುಪ್ಪ ಮೀಟರ್‌ಗೇಜ್ ಹಳಿಯ ಮೇಲೆ ರೈಲ್‌ಬಸ್ ಓಡುತ್ತಿದ್ದ ಕಾಲ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಬಂಗಾರಪೇಟೆ–ಕೋಲಾರದ ನಡುವೆಯೂ ಒಂದಿತ್ತು. ತಾಳಗುಪ್ಪದ ರೈಲ್‌ಬಸ್ಸಿಗೆ ಕೈ ಅಡ್ಡ ಮಾಡಿ ಹತ್ತುತ್ತಿದ್ದೆವು ಎಂದು ಹೇಳುವವರು ಸಾಗರದ ಕಡೆ ಇನ್ನೂ ಇದ್ದಾರೆ. ಬ್ರಾಡ್‌ಗೇಜ್ ಬಂತು, ಬೆಂಗಳೂರು ಹತ್ತಿರವಾಯಿತು. ಯಾರೂ ಹಳೆಯದಕ್ಕೆ ಮರಳಿ ಎನ್ನುವುದಿಲ್ಲ. ಅರಸಾಳು ಸ್ಟೇಷನ್ನಿನ ಹಳೆಯ ಕಟ್ಟಡವನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ, ಚೆನ್ನಾಗಿದೆ, ಹೋಗಿ ನೋಡಬಹುದು. ಸಣ್ಣ ಸ್ಟೇಷನ್ನಿನ ಮೇಲೆ ನಮಗಿರುವ ಪ್ರೀತಿ ಫೋಟೋ ತೆಗೆಯುವಷ್ಟಕ್ಕೆ ನಿಲ್ಲಬಾರದು ಎಂಬುದಷ್ಟೇ ನನ್ನ ತಕರಾರು.

ಇಲ್ಲಿ ನಡೆಸುವುದು ಹೇಗೆ? ಇದನ್ನು ನೀವು ಎಂಜಿನಿಯರುಗಳ ಜೊತೆ ಕೂತು ಚರ್ಚಿಸಬೇಕು, ನಾನು ಪ್ರಯಾಣಿಕನ ಕಣ್ಣಿಗೆ ಕಂಡದ್ದನ್ನು ಹೇಳುತ್ತೇನೆ. ನೂರರ ವೇಗದ ಗಾಡಿಗೆ ಕೈ ತೋರಿಸಿ ನಿಲ್ಲಿಸುವುದು ಆಗದ ಮಾತು. ಸುದ್ದಿ ಮೊದಲೇ ಹೋಗಬೇಕು, ಅಂದರೆ ಗಾಡಿ ಹಿಂದಿನ ದೊಡ್ಡ ಸ್ಟೇಷನ್ ಬಿಡುವ ಮೊದಲು. ಅದಕ್ಕೆ ಬೇಕಾದ ಸರಪಣಿ ನಮ್ಮಲ್ಲಿ ಇದೆ. ಮುಂದೆ ಹಳಿ ರಿಪೇರಿ ಇದ್ದರೆ, ವೇಗ ಇಳಿಸಬೇಕಿದ್ದರೆ, ಸ್ಟೇಷನ್ ಮಾಸ್ತರರು ಲೋಕೋಪೈಲಟ್‌ಗೆ ಕಾಷನ್ ಆರ್ಡರ್ ಚೀಟಿ ಕೊಡುತ್ತಾರೆ. ಮಾಸ್ತರರು, ಲೋಕೋಪೈಲಟ್, ಗಾರ್ಡು ಮೂವರ ಕೈಯಲ್ಲೂ ವಾಕಿಟಾಕಿ ಇದೆ. (2022ರಿಂದ ಗಾರ್ಡಿಗೆ ಟ್ರೈನ್ ಮ್ಯಾನೇಜರ್ ಎನ್ನಬೇಕು, ನಮ್ಮ ಬಾಯಿಗೆ ಇನ್ನೂ ಬಂದಿಲ್ಲ.) ಹಾಲ್ಟ್ ಎನ್ನುವ ಸಣ್ಣ ನಿಲ್ದಾಣದಲ್ಲಿ ರೈಲ್ವೆ ನೌಕರ ಇರುವುದಿಲ್ಲ ನಿಜ, ಆದರೆ ಕಮಿಷನ್ ಮೇಲೆ ಟಿಕೆಟ್ ಮಾರುವ ಹಾಲ್ಟ್ ಏಜೆಂಟ್ ಇರುತ್ತಾನೆ, ಅವನ ಕಿಸೆಯಲ್ಲಿ ಫೋನ್ ಇರುತ್ತದೆ. ‘ಇವತ್ತು ಮೂವರಿದ್ದಾರೆ’ ಎಂದು ಅವನು ಹಿಂದಿನ ಸ್ಟೇಷನ್ನಿಗೆ ತಿಳಿಸಿದರೆ ಅಲ್ಲಿಂದ ಮುಂದಿನದು ಇದ್ದ ಸರಪಣಿಯಲ್ಲೇ ಸಾಗುತ್ತದೆ.

ಹತ್ತುವವರಿಗಿಂತ ಇಳಿಯುವವರ ವಿಷಯ ಕಷ್ಟ. ಸ್ಕಾಟ್ಲೆಂಡಿನ ಎರಡು ಬೋಗಿಯ ಗಾಡಿಯಲ್ಲಿ ಗಾರ್ಡನ್ನು ಹುಡುಕಿ ಹೇಳಬಹುದು. ನಮ್ಮ ಗಾಡಿಯ ಜನರಲ್ ಬೋಗಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಯಾರಿಗೆ ಹೇಳುವುದು? ಹಾಗಾಗಿ ಟಿಕೆಟ್ ತೆಗೆದುಕೊಳ್ಳುವಾಗಲೇ ಹೇಳಬೇಕು. ಈಗ ಸಾಮಾನ್ಯ ಟಿಕೆಟ್ಟಿನಲ್ಲಿ ಊರಿನ ಹೆಸರಿರುತ್ತದೆ, ಯಾವ ಗಾಡಿ ಎಂದಿರುವುದಿಲ್ಲ. ಕೌಂಟರಿನಲ್ಲಿ, ರೈಲ್ವೆ ಟಿಕೆಟ್ ಆ್ಯಪಿನಲ್ಲಿ ‘ಈ ಗಾಡಿಯಿಂದ ಇಲ್ಲಿ ಇಳಿಯುತ್ತೇನೆ’ ಎಂದು ಒಂದು ಗುರುತು ಹಾಕುವ ಅವಕಾಶ ಕೊಟ್ಟರೆ ಟಿಕೆಟ್ಟೇ ಕೋರಿಕೆಯಾಗುತ್ತದೆ. ಪ್ರಾಯೋಗಿಕ ನಿಲುಗಡೆಯ ಆರು ತಿಂಗಳಾದ ಮೇಲೆ ಯಾರ ಲೆಕ್ಕ ಸರಿ ಎಂಬ ಜಗಳವೂ ಬೇಕಿಲ್ಲ. ಎಷ್ಟು ದಿನ ಕೋರಿಕೆ ಬಂತು, ಎಷ್ಟು ದಿನ ಬರಲಿಲ್ಲ, ಎಲ್ಲ ದಾಖಲಾಗಿರುತ್ತದೆ.

ಸುದ್ದಿ ಮುಟ್ಟಿತೋ ಇಲ್ಲವೋ ಎಂಬ ಅನುಮಾನ ಬಂದರೆ? ನಿಲ್ಲಿಸಬೇಕು. ಈ ಒಂದು ಮಾತನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಸುಮ್ಮನೆ ನಿಂತರೆ ಐದು ನಿಮಿಷ ನಷ್ಟ. ನಿಲ್ಲದೆ ಹೋದರೆ, ರಾತ್ರಿ ಒಂಬತ್ತಕ್ಕೆ ದೀಪವಿಲ್ಲದ ಹಾಲ್ಟಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಗಾಡಿಯ ಕೆಂಪು ದೀಪ ನೋಡುತ್ತ ನಿಂತಿರುತ್ತಾಳೆ. ಹಾಗೆ ಒಂದು ಸಲ ಆದರೆ ಆ ಊರಿನವರು ಮತ್ತೆ ಆ ರೈಲನ್ನು ನಂಬುವುದಿಲ್ಲ, ಕೋರಿಕೆಯೂ ಬರುವುದಿಲ್ಲ. ಆಗ ಬೇಡಿಕೆಯೇ ಇಲ್ಲ ಎಂದು ಕಡತ ಮುಚ್ಚುತ್ತಾರೆ.

ಇನ್ನೊಂದು ತೊಡಕನ್ನು ಯಾರೂ ಎತ್ತುವುದಿಲ್ಲವಾದ್ದರಿಂದ ನಾನೇ ಎತ್ತುತ್ತೇನೆ. ಹಾಲ್ಟಿನ ಪ್ಲಾಟ್‌ಫಾರ್ಮ್ ಗಿಡ್ಡ. ಹಲವು ಕಡೆ ಅದು ಹಳಿಯ ಮಟ್ಟದಲ್ಲೇ ಇರುತ್ತದೆ. ಎಕ್ಸ್‌ಪ್ರೆಸ್ ಗಾಡಿಯಲ್ಲಿ ಜನರಲ್ ಬೋಗಿಗಳಿರುವುದು ಸಾಮಾನ್ಯವಾಗಿ ಇಂಜಿನ್ನಿನ ಹಿಂದೆ ಮತ್ತು ಬಾಲದ ತುದಿಯಲ್ಲಿ. ಗಾಡಿಯ ನಡುಭಾಗ ಪ್ಲಾಟ್‌ಫಾರ್ಮಿಗೆ ಬರುವ ಹಾಗೆ ನಿಲ್ಲಿಸಿದರೆ ಎಸಿ ಬೋಗಿಯ ಬಾಗಿಲು ಪ್ಲಾಟ್‌ಫಾರ್ಮಿಗೆ, ಹಾಲ್ಟಿನ ಊರಿನವರ ಬೋಗಿಯ ಬಾಗಿಲು ಮುಳ್ಳಿನ ಪೊದೆಗೆ. ನಿಲುಗಡೆ ಸಿಕ್ಕಿತೆಂದು ಹಾರ ಹಾಕಿದವರು ಇದನ್ನು ನೋಡುವುದಿಲ್ಲ, ಮಂಡಿ ನೋವಿನ ಮುದುಕರು ನೋಡುತ್ತಾರೆ. ಇಂಜಿನ್ ಎಲ್ಲಿ ನಿಂತರೆ ಮುಂದಿನ ಜನರಲ್ ಬೋಗಿ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಒಂದು ಫಲಕ ನೆಟ್ಟು, ಈ ಊರಿನವರು ಮುಂದಿನ ಬೋಗಿ ಹತ್ತಿ ಎಂದು ಟಿಕೆಟ್ ಕೊಡುವಾಗಲೇ ಹೇಳಿದರೆ ಆಯಿತು. ಇದಕ್ಕೆ ಮಂಡಳಿಯ ಅನುಮತಿ ಬೇಕಾಗಲಾರದು.

ಈಗ ಎಚ್ಚರಿಕೆಯ ಮಾತು. ಇದನ್ನು ಹೇಳದಿದ್ದರೆ ಈ ಪತ್ರದಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಆದೀತು. ಕೋರಿಕೆ ನಿಲುಗಡೆಯನ್ನು ಕೇಳಬೇಕಾದದ್ದು ಈಗ ನಿಲ್ಲದ ಗಾಡಿಗಳಿಗೆ ಮಾತ್ರ. ಎಲ್ಲ ಕಡೆ ನಿಲ್ಲುವ ಪ್ಯಾಸೆಂಜರ್, ಮೆಮು, ಡೆಮು ಗಾಡಿಗಳ ನಿಲುಗಡೆಯನ್ನು ‘ಕೋರಿಕೆ’ ಎಂದು ಬದಲಿಸಲು ಯಾರಾದರೂ ಹೊರಟರೆ ದಯವಿಟ್ಟು ಎದ್ದು ನಿಂತು ಬೇಡ ಅನ್ನಿ. 2020ರ ಮಾರ್ಚಿನಲ್ಲಿ ಪ್ಯಾಸೆಂಜರ್ ಗಾಡಿಗಳು ನಿಂತವು. ಮತ್ತೆ ಬಂದಾಗ ಎಷ್ಟೋ ಗಾಡಿಗಳು ಸ್ಪೆಷಲ್, ಎಕ್ಸ್‌ಪ್ರೆಸ್ ಎಂಬ ಹೆಸರು ಹೊತ್ತಿದ್ದವು, 10 ರೂಪಾಯಿಯ ಕನಿಷ್ಠ ದರ 30 ಆಗಿತ್ತು, ಹಲವು ಸಣ್ಣ ನಿಲುಗಡೆಗಳು ಪಟ್ಟಿಯಿಂದ ಸದ್ದಿಲ್ಲದೆ ಬಿದ್ದುಹೋಗಿದ್ದವು. ದರ ಹಳೆಯ ಮಟ್ಟಕ್ಕೆ ಇಳಿದದ್ದು 2024ರ ಫೆಬ್ರುವರಿಯಲ್ಲಿ. ಬಿದ್ದುಹೋದ ನಿಲುಗಡೆಗಳೆಲ್ಲ ದರದ ಜೊತೆ ಮರಳಿ ಬರಲಿಲ್ಲ.

ಇಂಗ್ಲೆಂಡಿನ ನಾರ್ಫಕ್‌ನಲ್ಲಿ ಬರ್ನಿ ಆರ್ಮ್ಸ್ ಎಂಬ ಸ್ಟೇಷನ್ನಿದೆ, ಅದೂ ಕೋರಿಕೆ ನಿಲುಗಡೆಯೇ, ಅಲ್ಲಿಗೂ ರಸ್ತೆಯಿಲ್ಲ. 1840ರ ದಶಕದಲ್ಲಿ ಅಲ್ಲಿ ಹಳಿ ಹಾಕುವಾಗ ಜಮೀನುದಾರ, ಇಲ್ಲೊಂದು ಸ್ಟೇಷನ್ ಶಾಶ್ವತವಾಗಿ ಇರಬೇಕೆಂಬ ಷರತ್ತಿನ ಮೇಲೆ ಭೂಮಿ ಮಾರಿದ. ಕಂಪನಿ ಸ್ಟೇಷನ್ ಕಟ್ಟಿತು. ಕೆಲವು ವರ್ಷಗಳ ಮೇಲೆ ಗಾಡಿ ನಿಲ್ಲಿಸುವುದನ್ನು ಬಿಟ್ಟಿತು. ಒಪ್ಪಂದದಲ್ಲಿ ಸ್ಟೇಷನ್ ಇರಬೇಕು ಎಂದಿದೆಯೇ ಹೊರತು ಗಾಡಿ ನಿಲ್ಲಬೇಕು ಎಂದಿಲ್ಲ ಎಂದು ವಾದಿಸಿತು! ಜಗಳ ದೀರ್ಘಕಾಲ ನಡೆದು ಕೊನೆಗೆ ಗಾಡಿ ಮತ್ತೆ ನಿಂತಿತು. ನಮ್ಮಲ್ಲೂ ಬಣ್ಣ ಬಳಿದ ಹೆಸರಿನ ಫಲಕ, ಸಿಮೆಂಟಿನ ಬೆಂಚು, ಮೂರು ಭಾಷೆಯ ಸೂಚನೆ ಎಲ್ಲ ಇರುವ, ಗಾಡಿ ಮಾತ್ರ ನಿಲ್ಲದ ಸ್ಟೇಷನ್ನುಗಳು ನಿಮ್ಮ ವಿಭಾಗಗಳಲ್ಲಿ ಎಷ್ಟಿವೆ ಎಂದು ಮುಂದಿನ ಸಭೆಯಲ್ಲಿ ಒಂದು ಪಟ್ಟಿ ಕೇಳಿ. ಆದ್ದರಿಂದಲೇ ಷರತ್ತುಗಳನ್ನು ಬಿಡಿಸಿ ಬರೆಸಿಕೊಳ್ಳಿ ಎನ್ನುತ್ತಿದ್ದೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿ ವಿಭಾಗದಲ್ಲಿ ಒಂದು ಮಾರ್ಗ ಆರಿಸಿ. ಮೈಸೂರಿನವರಿಗೆ ಶಿವಮೊಗ್ಗ–ತಾಳಗುಪ್ಪ ಸರಿಹೋಗುತ್ತದೆ. ಗಾಡಿ ಕಡಿಮೆ, ವೇಗ ಮಿತ, ಹಿಂದಿನಿಂದ ಗಾಡಿ ಬಂದು ಒತ್ತುವ ತಾಪತ್ರಯ ಇಲ್ಲ. ಬೆಳಗಿನದೊಂದು, ರಾತ್ರಿಯದೊಂದು ಎಕ್ಸ್‌ಪ್ರೆಸ್ಸಿಗೆ ಕೆಲವು ಹಾಲ್ಟುಗಳಲ್ಲಿ ಆರು ತಿಂಗಳು ಕೋರಿಕೆ ನಿಲುಗಡೆ ಕೊಟ್ಟು ನೋಡಲಿ. ಒಂಟಿ ಹಳಿಯ ಮಾರ್ಗಗಳಲ್ಲಿ ವೇಳಾಪಟ್ಟಿಯ ಪ್ರಕಾರವೇ ಕ್ರಾಸಿಂಗಿಗೆ ನಿಲ್ಲುವ ಗಾಡಿಗಳಿಗೆ ಅದೇ ಸ್ಟೇಷನ್ನಿನಲ್ಲಿ ಇಳಿಯುವ ಹಕ್ಕು ಕೊಡಲು ಪ್ರಯೋಗವೂ ಬೇಡ, ನಿಲ್ಲುವ ಗಾಡಿಯನ್ನು ನಿಲ್ಲುತ್ತದೆ ಎಂದು ಮುದ್ರಿಸಿದರೆ ಸಾಕು.

ಕೊನೆಯದಾಗಿ ಹಾಲ್ಟ್ ಏಜೆಂಟರ ವಿಷಯ. ಇಡೀ ವ್ಯವಸ್ಥೆ ಅವರ ಒಂದು ಫೋನ್ ಕರೆಯ ಮೇಲೆ ನಿಂತಿರುತ್ತದೆ. ಮಾರಿದ ಟಿಕೆಟ್ಟಿನ ಮೇಲಷ್ಟೇ ಅವರಿಗೆ ಕಮಿಷನ್. ಆ್ಯಪಿನಲ್ಲಿ ಟಿಕೆಟ್ ತೆಗೆಯುವವರು ಹೆಚ್ಚಾದಷ್ಟೂ ಅವರ ಸಂಪಾದನೆ ಇಳಿಯುತ್ತದೆ. ರಾತ್ರಿಯ ಗಾಡಿಗಾಗಿ ಟಾರ್ಚು ಹಿಡಿದು ಹಾಲ್ಟಿಗೆ ಬಂದು ಕೂರು, ಯಾರಿದ್ದಾರೆ ನೋಡು, ಫೋನ್ ಮಾಡು ಎಂದರೆ ಪುಕ್ಕಟೆ ಯಾಕೆ ಮಾಡಬೇಕು? ತಿಳಿಸಿದ ಪ್ರತಿ ಕೋರಿಕೆಗೂ ಒಂದು ಸಣ್ಣ ಮೊತ್ತ ನಿಗದಿಯಾಗಲಿ. ಠರಾವು ಬರೆಯುವಾಗ ಈ ಸಾಲನ್ನು ಟಿಪ್ಪಣಿಗೆ ತಳ್ಳದೆ ಮೊದಲ ಪುಟದಲ್ಲೇ ಸೇರಿಸಿ, ನಡಾವಳಿ ಬಂದ ಮೇಲೆ ಪತ್ರಿಕೆಗೂ ಕೊಡಿ. ನಾವು ಓದುತ್ತೇವೆ.

ಇಂತಿ,
ಹಾಲ್ಟ್ ಊರಿನ ಒಬ್ಬ ಪ್ರಯಾಣಿಕ